‘ಕನಾರ್ಟಕ’ವಾದ ಕರ್ನಾಟಕ

ನಮ್ಮ ತಾಯಿಯವರ ಬದುಕನ್ನು ಕುರಿತು ನನ್ನ ಅಣ್ಣ ಎಂಬತ್ತು ಪುಟಗಳಷ್ಟು ಬರೆದಿದ್ದರೆಂಬುದು ಬಂಧುಗಳಿಗೆ ತಿಳಿದ ವಿಷಯ. 2004ರಲ್ಲಿ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಅದನ್ನು ಬೆರಳಚ್ಚು ಮಾಡಿಸಿ ಸಿ.ಡಿ.ಯಲ್ಲಿ ಇರಿಸಿದ್ದರು. ಕೈಬರಹದ ಪ್ರತಿ ಗೆದ್ದಲಿಗೆ ಆಹುತಿಯಾಯಿತು. ಅಣ್ಣ 2011ರಲ್ಲಿ ತೀರಿಕೊಂಡರು. 2023ರಲ್ಲಿ ಅವರ ಮಗಳು ತನ್ನ ಗಣಕಯಂತ್ರದಲ್ಲಿ ಆ ಕಡತವನ್ನು ತೆರೆದಾಗ ಕನ್ನಡದ ಒಂದಕ್ಷರವೂ ಕಾಣಲಿಲ್ಲ. “ಚಿಕ್ಕಪ್ಪ, ಇದು ಯಾವ ಭಾಷೆ?” ಎಂದು ಕೇಳಿದಳು.

ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿದೀತು. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಆಸ್ಕಿ’ ಸಂಕೇತದಲ್ಲಿ ಇದ್ದದ್ದು 128 ಸ್ಥಾನಗಳು, ಇಂಗ್ಲಿಷಿಗಷ್ಟೇ ಸಾಲುವಂಥವು. ಮುಂದೆ ಸ್ಥಾನಗಳು 256 ಆದಾಗ ಮೇಲಿನ ಅರ್ಧ ಪಶ್ಚಿಮ ಯೂರೋಪಿನ ಭಾಷೆಗಳ ಪಾಲಾಯಿತು. ತಲೆಯ ಮೇಲೆ ಓರೆಗೆರೆ, ಟೋಪಿ, ಜೋಡಿಚುಕ್ಕೆ ಹೊತ್ತ ಅಕ್ಷರಗಳು ಅಲ್ಲಿ ಕುಳಿತವು. ಕನ್ನಡಕ್ಕೆ ಜಾಗವೆಲ್ಲಿ? ನಮ್ಮವರು ಒಂದು ಉಪಾಯ ಕಂಡುಕೊಂಡರು. ಸಂಖ್ಯೆ ಪರರದೇ ಇರಲಿ, ಅದರ ಮೇಲೆ ಕನ್ನಡದ ಆಕಾರವನ್ನು ಬಿಡಿಸಿದ ಫಾಂಟ್ ಹೊದಿಸಿದರಾಯಿತು! ಫಾಂಟ್ ಇರುವ ಯಂತ್ರದಲ್ಲಿ ಅದು ಕನ್ನಡ, ಇಲ್ಲದ ಯಂತ್ರದಲ್ಲಿ ಯೂರೋಪಿನ ಕಲಸುಮೇಲೋಗರ.

‘ನುಡಿ’ಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂಬ ಪದವನ್ನೇ ಬಿಚ್ಚಿ ನೋಡಿ. ತಲೆಕಟ್ಟಿಲ್ಲದ ‘ಕ’ ಇಂಗ್ಲಿಷಿನ ‘ಪಿ’ಯ ಸ್ಥಾನದಲ್ಲಿದೆ. ತಲೆಕಟ್ಟು ಫ್ರೆಂಚರ ಓರೆಗೆರೆಯ ‘ಎ’ಯ ಸ್ಥಾನದಲ್ಲಿ, ‘ನ’ ಬ್ರಿಟನ್ನಿನ ಪೌಂಡ್ ಚಿಹ್ನೆಯ ಸ್ಥಾನದಲ್ಲಿ, ‘ನ’ಒತ್ತು ಜರ್ಮನರ ಜೋಡಿ ‘ಎಸ್’ನ ಸ್ಥಾನದಲ್ಲಿ, ‘ಡ’ ‘ಕ್ಯೂ’ನ ಸ್ಥಾನದಲ್ಲಿ. ನಾಲ್ಕು ದೇಶಗಳಲ್ಲಿ ಬಾಡಿಗೆಗಿದ್ದ ಒಂದು ಪದ! ಹಾಗೆಂದು ನಾನು ಹಳಿಯುವುದಿಲ್ಲ. ಬೇರೆ ದಾರಿ ಇಲ್ಲದಾಗ ಸಾವಿರಾರು ಪುಸ್ತಕಗಳು ಹೊರಬಂದದ್ದು ಈ ಬಾಡಿಗೆ ಮನೆಗಳಿಂದಲೇ.

ಕೀಲಿಮಣೆಯ ಕಥೆ ಇದಕ್ಕಿಂತ ಸುಖವಾದದ್ದು. ಬೆರಳಚ್ಚು ಯಂತ್ರಕ್ಕೆ ಅನಂತ ಸುಬ್ಬರಾಯರ ವಿನ್ಯಾಸವಿತ್ತು. ಗಣಕಕ್ಕೆ ಕೆ. ಪಿ. ರಾವ್ ಅವರು ಧ್ವನಿಯನ್ನನುಸರಿಸಿದ ವಿನ್ಯಾಸ ಕೊಟ್ಟರು. ಒತ್ತಕ್ಷರಕ್ಕೆಂದು ಬೇರೆ ಕೀಲಿಗಳೇ ಬೇಡ, ‘ಎಫ್’ ಒತ್ತಿದರೆ ಎರಡು ವ್ಯಂಜನಗಳು ಕೂಡುತ್ತವೆ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದು, ವಿದೇಶದಲ್ಲಿದ್ದ ನಿಮ್ಮಲ್ಲಿ ಹಲವರಿಗೆ ಕನ್ನಡದಲ್ಲಿ ಕಾಗದ ಬರೆಯುವ ಅಭ್ಯಾಸವನ್ನು ಮರಳಿ ಕೊಟ್ಟಿತು.

1991ರಲ್ಲಿ ಪ್ರಕಟವಾದ ಯೂನಿಕೋಡ್ ಕನ್ನಡಕ್ಕೆ ಸ್ವಂತದ 128 ಸ್ಥಾನಗಳನ್ನು ಮೀಸಲಿಟ್ಟಿತ್ತು. ಆದರೆ ಅದು ನಮ್ಮ ಮೇಜುಗಳನ್ನು ತಲುಪಲು ವರ್ಷಗಳೇ ಹಿಡಿದವು. ಅಣ್ಣನ ಕಡತ ಹುಟ್ಟಿದ್ದು ಹಳೆಯ ಮನೆಯಲ್ಲೇ.

ಪರಿವರ್ತಕ ತಂತ್ರಾಂಶದ ಮೂಲಕ ಅದನ್ನು ಹಾಯಿಸಿದೆವು. ಕನ್ನಡ ಕಾಣಿಸಿತು, ಮಗು ಕುಣಿದಳು. (ನಲವತ್ತು ದಾಟಿದರೂ ನನಗೆ ಅವಳು ಮಗುವೇ.) ಆದರೆ ಓದಹೋದರೆ ‘ವರ್ಷ’ವು ‘ವಷರ್’, ‘ಧರ್ಮ’ವು ‘ಧಮರ್’, ತಾಯಿಯವರ ಪ್ರೀತಿಯ ‘ಕಾರ್ತೀಕ’ವು ‘ಕಾತೀರ್ಕ’! ನೀವೂ ‘ಕನಾರ್ಟಕ’ ಎಂಬ ವಿಚಿತ್ರ ನಾಡನ್ನು ಎಲ್ಲಾದರೂ ಕಂಡಿರಬಹುದು. ಕಾರಣ ವ್ಯಾಕರಣದಲ್ಲಿದೆ. ಅರ್ಕಾವೊತ್ತನ್ನು ನಾವು ಮೊದಲು ಉಚ್ಚರಿಸುತ್ತೇವೆ, ಬರೆಯುವುದು ಮಾತ್ರ ಅಕ್ಷರದ ಬಳಿಕ. ಹಳೆಯ ಫಾಂಟು ಕಣ್ಣಿಗೆ ಕಂಡ ಕ್ರಮದಲ್ಲಿ ಇಟ್ಟುಕೊಂಡಿತ್ತು, ಯೂನಿಕೋಡ್ ಕಿವಿಗೆ ಕೇಳುವ ಕ್ರಮವನ್ನು ಬೇಡುತ್ತದೆ. ಸ್ಥಾನಪಲ್ಲಟ ಮಾಡದೆ ಬರಿಯ ಸಂಖ್ಯೆ ಬದಲಿಸಿದರೆ ಹೀಗಾಗುತ್ತದೆ. ಹತ್ತನೆಯ ತರಗತಿಯಲ್ಲಿ ಅರ್ಕಾವೊತ್ತಿಗಾಗಿ ನಾನು ಅಂಕ ಕಳೆಯುತ್ತಿದ್ದುದನ್ನು ನೆನೆದು ನಗುವವರು ನಗಬಹುದು.

ಎಂಬತ್ತು ಪುಟಗಳನ್ನು ನಾನೇ ಕುಳಿತು ತಿದ್ದಿದೆ. ಕೊನೆಗೆ ಕಾಡಿದ್ದು ‘ರ‍್ಯಾಂಕ್’. ‘ರ’ ಮತ್ತು ‘ಯ’ ಕೂಡಿದೊಡನೆ ಯಂತ್ರ ತಾನಾಗಿ ಅರ್ಕಾವೊತ್ತು ಹಾಕಿಬಿಡುತ್ತದೆ. ತಡೆಯಲು ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಸೇರಿಸಬೇಕೆಂದು ಅಣ್ಣನ ಮಗಳೇ ತೋರಿಸಿಕೊಟ್ಟಳು. ಅಣ್ಣನಿಗೆ ರ‍್ಯಾಂಕ್ ಬಂದ ದಿನ ತಾಯಿಯವರು ಬೀದಿಗೆಲ್ಲ ಸಕ್ಕರೆ ಹಂಚಿದ ಪ್ರಸಂಗ ಆ ಪುಟದಲ್ಲಿದೆ.

ಪ್ರತಿಯನ್ನು ಎಲ್ಲರಿಗೂ ಕಳುಹಿಸುತ್ತಿದ್ದೇನೆ. ಎಲ್ಲಾದರೂ ಒಂದು ‘ವಷರ್’ ಉಳಿದಿದ್ದರೆ ಪುಟಸಂಖ್ಯೆಯೊಡನೆ ತಿಳಿಸಿ.