ಮೋಟಾರ್‌ಸೈಕಲ್ ಫೋರ್ಕ್ ಸೀಲ್

ಫೋರ್ಕ್ ಸೀಲ್ ಎಂಬುದು ಮೋಟಾರ್‌ಸೈಕಲ್‌ನ ಮುಂದಿನ ಚಕ್ರವನ್ನು ಹಿಡಿದಿರುವ ಟೆಲಿಸ್ಕೋಪಿಕ್ ಫೋರ್ಕ್‌ನಲ್ಲಿ ಅಳವಡಿಸಲಾಗುವ ರಬ್ಬರ್ ಬಳೆ. ಫೋರ್ಕ್‌ನೊಳಗಿನ ಎಣ್ಣೆ ಹೊರಗೆ ಸೋರದಂತೆಯೂ ಹೊರಗಿನ ಧೂಳು, ಕೆಸರು ಮತ್ತು ನೀರು ಒಳಗೆ ಸೇರದಂತೆಯೂ ಇದು ತಡೆಯುತ್ತದೆ. ಗಾತ್ರದಲ್ಲಿ ಚಿಕ್ಕದಾದರೂ ವಾಹನದ ಸ್ಥಿರತೆ ಮತ್ತು ಮುಂದಿನ ಬ್ರೇಕಿನ ಸುರಕ್ಷತೆ ಇದನ್ನು ಅವಲಂಬಿಸಿವೆ. ಸೀಲ್ ಹಾಳಾಗಲು ಸಾಮಾನ್ಯ ಕಾರಣಗಳೆಂದರೆ ಅದರ ಅಂಚಿನಲ್ಲಿ ಸಿಲುಕುವ ಮರಳಿನ ಕಣಗಳು ಹಾಗೂ ಫೋರ್ಕ್ ಕೊಳವೆಯ ಮೇಲಾಗುವ ಗೀರು ಮತ್ತು ತುಕ್ಕು.

ರಚನೆ ಮತ್ತು ಕಾರ್ಯ

ಟೆಲಿಸ್ಕೋಪಿಕ್ ಫೋರ್ಕ್‌ಗೆ ಎಡ ಮತ್ತು ಬಲ ಎಂಬ ಎರಡು ಕಾಲುಗಳಿರುತ್ತವೆ. ಪ್ರತಿ ಕಾಲಿನಲ್ಲಿ ಒಂದರೊಳಗೊಂದು ಜಾರುವ ಎರಡು ಕೊಳವೆಗಳಿರುತ್ತವೆ. ಸಾಂಪ್ರದಾಯಿಕ ಮಾದರಿಯಲ್ಲಿ ಕಿರಿದಾದ ಒಳಕೊಳವೆಯನ್ನು ಮೇಲೆ ಹ್ಯಾಂಡಲ್‌ನ ಬಳಿ ಬಿಗಿಯಲಾಗಿರುತ್ತದೆ. ಅಗಲವಾದ ಹೊರಕೊಳವೆಯು ಕೆಳಗೆ ಚಕ್ರದ ಅಚ್ಚನ್ನು ಹಿಡಿದು, ರಸ್ತೆಯ ಏರುತಗ್ಗಿಗೆ ತಕ್ಕಂತೆ ಮೇಲೆ ಕೆಳಗೆ ಚಲಿಸುತ್ತದೆ. ಸಾಮಾನ್ಯವಾಗಿ ಒಳಗೆ ಉದ್ದನೆಯ ಸ್ಪ್ರಿಂಗ್ ಮತ್ತು ಎಣ್ಣೆ ಇರುತ್ತವೆ. ಸ್ಪ್ರಿಂಗ್ ಆಘಾತವನ್ನು ತಾಳಿಕೊಳ್ಳುತ್ತದೆ. ಸಣ್ಣ ರಂಧ್ರಗಳ ಮೂಲಕ ಹಾಯುವ ಎಣ್ಣೆಯು ಆ ಸ್ಪ್ರಿಂಗ್ ಪದೇಪದೇ ಪುಟಿಯದಂತೆ ತಡೆದು ಚಲನೆಯನ್ನು ನಿಧಾನಗೊಳಿಸುತ್ತದೆ. ಗ್ಯಾರೇಜುಗಳಲ್ಲಿ ಇಡೀ ಫೋರ್ಕನ್ನು 'ಮುಂದಿನ ಶಾಕ್ ಅಬ್ಸಾರ್ಬರ್' ಎಂದು ಕರೆಯುವುದೂ ಉಂಟು.

ಒಳಕೊಳವೆಯು ಉಕ್ಕಿನಿಂದ ಮಾಡಿದ್ದು, ಅದರ ಮೇಲೆ ಸಾಮಾನ್ಯವಾಗಿ ಗಟ್ಟಿ ಕ್ರೋಮಿಯಂ ಲೇಪನವಿರುತ್ತದೆ. ಎರಡು ಕೊಳವೆಗಳು ಸಂಧಿಸುವ ಸ್ಥಳದಲ್ಲಿ ಎರಡು ಸೀಲ್‌ಗಳಿರುತ್ತವೆ. ಹೊರಗಿನದು ಧೂಳಿನ ಸೀಲ್. ಇದು ಕೊಳವೆಗೆ ಅಂಟಿದ ಕೊಳೆಯನ್ನು ಒರೆಸಿ ಹೊರಗೇ ಉಳಿಸುತ್ತದೆ. ಅದರ ಹಿಂದೆ, ತಂತಿಯ ಕ್ಲಿಪ್ಪಿನಿಂದ ಭದ್ರಗೊಂಡಿರುವುದು ಎಣ್ಣೆಯ ಸೀಲ್. ಎಣ್ಣೆಯ ಸೀಲಿನ ತೆಳುವಾದ ಅಂಚನ್ನು ಸಣ್ಣ ಸ್ಪ್ರಿಂಗ್ ಬಳೆಯೊಂದು ಕೊಳವೆಗೆ ಒತ್ತಿ ಹಿಡಿದಿರುತ್ತದೆ.

ತಲೆಕೆಳಗಾದ ಫೋರ್ಕ್‌ಗಳಲ್ಲಿ ಈ ಜೋಡಣೆ ಅದಲುಬದಲಾಗಿ, ಕ್ರೋಮಿಯಂ ಲೇಪಿತ ಕೊಳವೆಯು ಚಕ್ರದ ಸಮೀಪಕ್ಕೆ ಬರುತ್ತದೆ. ಆದುದರಿಂದ ಕೆಸರು ಮತ್ತು ಕಲ್ಲುಗಳ ಹೊಡೆತ ಇವುಗಳಿಗೆ ಹೆಚ್ಚು; ಸೋರಿದ ಎಣ್ಣೆಯೂ ನೇರವಾಗಿ ಬ್ರೇಕಿನ ಕಡೆಗೆ ಇಳಿಯುತ್ತದೆ.

ಇತಿಹಾಸ

ಡೆನ್ಮಾರ್ಕಿನ ನಿಂಬಸ್ ಮೋಟಾರ್‌ಸೈಕಲ್‌ನಲ್ಲಿ 1934ರಲ್ಲಿ ಟೆಲಿಸ್ಕೋಪಿಕ್ ಫೋರ್ಕ್ ಬಳಕೆಗೆ ಬಂದಿತು. 1935ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆಯು ತನ್ನ ಆರ್12 ಮತ್ತು ಆರ್17 ಮಾದರಿಗಳಲ್ಲಿ ಎಣ್ಣೆಯಿಂದ ಚಲನೆಯನ್ನು ನಿಯಂತ್ರಿಸುವ ಟೆಲಿಸ್ಕೋಪಿಕ್ ಫೋರ್ಕನ್ನು ಅಳವಡಿಸಿತು. ಎರಡನೆಯ ಮಹಾಯುದ್ಧದ ನಂತರ ಈ ವಿನ್ಯಾಸ ವ್ಯಾಪಕವಾಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮತ್ತು ಯೆಜ್ದಿ ಮೋಟಾರ್‌ಸೈಕಲ್‌ಗಳಲ್ಲಿಯೂ ಟೆಲಿಸ್ಕೋಪಿಕ್ ಫೋರ್ಕ್‌ಗಳಿದ್ದವು.

ಸವೆತದ ಕಾರಣಗಳು

ಕೊಳವೆಯ ಮೇಲೆ ಒಣಗಿದ ಕೆಸರು ಮತ್ತು ಅಂಟಿಕೊಂಡ ಕೀಟಗಳ ಅವಶೇಷ ಗಟ್ಟಿಯಾದಾಗ ಒರಟು ಕಾಗದದಂತೆ ವರ್ತಿಸುತ್ತವೆ. ಫೋರ್ಕ್ ಕುಗ್ಗಿದಾಗಲೆಲ್ಲ ಅವು ಸೀಲಿನ ಅಂಚನ್ನು ಉಜ್ಜುತ್ತವೆ. ಧೂಳಿನ ಸೀಲನ್ನು ದಾಟಿದ ಮರಳಿನ ಕಣವು ಎಣ್ಣೆಯ ಸೀಲಿನ ಅಂಚಿನಲ್ಲಿ ಸಿಲುಕಿದರೆ ಅಲ್ಲಿ ಸಣ್ಣ ಸಂದು ಉಂಟಾಗಿ ಎಣ್ಣೆ ಜಿನುಗತೊಡಗುತ್ತದೆ.

ಕಲ್ಲೇಟಿನಿಂದ ಕ್ರೋಮಿಯಂ ಲೇಪನ ಒಡೆದ ಸ್ಥಳದಲ್ಲಿ ತೇವಾಂಶ ಸೇರಿ ತುಕ್ಕಿನ ಕುಳಿಗಳು ಮೂಡುತ್ತವೆ. ಕಡಲತೀರದ ಉಪ್ಪುಗಾಳಿಯಲ್ಲಿ ನಿಲ್ಲಿಸಿದ ಹಾಗೂ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಓಡಿಸದೆ ಬಿಟ್ಟ ವಾಹನಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಇಂತಹ ಕುಳಿಯ ಹರಿತವಾದ ಅಂಚು ಹೊಸ ಸೀಲನ್ನೂ ಬೇಗನೆ ಕತ್ತರಿಸುತ್ತದೆ. ಇವಲ್ಲದೆ ರಬ್ಬರ್ ಹಳತಾಗಿ ಗಡಸಾಗುವುದು, ಕೊಳವೆ ಬಾಗಿರುವುದು, ಒಳಗಿನ ಬುಷ್ ಸವೆದಿರುವುದು ಮತ್ತು ಅಳತೆ ಮೀರಿ ಎಣ್ಣೆ ತುಂಬಿ ಒಳಗಿನ ಒತ್ತಡ ಹೆಚ್ಚುವುದು ಸಹ ಸೋರಿಕೆಗೆ ಕಾರಣವಾಗುತ್ತವೆ.

ಸೋರಿಕೆಯ ಲಕ್ಷಣಗಳು ಮತ್ತು ಅಪಾಯ

ಕೊಳವೆಯ ಸುತ್ತ ಕಾಣುವ ಎಣ್ಣೆಯ ಉಂಗುರ, ಅದಕ್ಕೆ ಮೆತ್ತಿದ ಕಪ್ಪು ಧೂಳು ಮತ್ತು ಫೋರ್ಕ್ ಕಾಲಿನ ಮೇಲಿಳಿದ ಎಣ್ಣೆಯ ಗೆರೆ ಮೊದಲ ಸೂಚನೆಗಳು. ಕೊಳವೆಯನ್ನು ಶುಭ್ರವಾಗಿ ಒರೆಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಹಲವು ಬಾರಿ ಕೆಳಕ್ಕೆ ಒತ್ತಿದಾಗ ಮತ್ತೆ ಎಣ್ಣೆಯ ಉಂಗುರ ಮೂಡಿದರೆ ಸೀಲ್ ಸೋರುತ್ತಿದೆ ಎಂದು ತಿಳಿಯಬಹುದು. ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಯ ಪೊರೆ ಇರುವುದು ಸಹಜ. ಸೀಲಿನ ಅಂಚು ಒಣಗದಿರಲು ಅದು ಅಗತ್ಯವೂ ಹೌದು.

ಎಣ್ಣೆ ಕಡಿಮೆಯಾದಂತೆ ಮುಂಭಾಗವು ತಗ್ಗುಗಳಲ್ಲಿ ಕುಸಿದು ಪುಟಿಯತೊಡಗುತ್ತದೆ. ಇದಕ್ಕಿಂತ ಗಂಭೀರವಾದುದು ಬ್ರೇಕಿನ ಮೇಲಾಗುವ ಪರಿಣಾಮ. ಸೋರಿದ ಎಣ್ಣೆ ಡಿಸ್ಕ್ ಮತ್ತು ಬ್ರೇಕ್ ಪ್ಯಾಡ್‌ಗಳನ್ನು ತಲುಪಿದರೆ ಬ್ರೇಕಿನ ಹಿಡಿತ ತೀವ್ರವಾಗಿ ಕುಗ್ಗುತ್ತದೆ. ಎಣ್ಣೆ ಹೀರಿದ ಪ್ಯಾಡ್‌ಗಳನ್ನು ಒರೆಸಿ ಮರುಬಳಸುವುದು ಸುರಕ್ಷಿತವಲ್ಲ. ಅವುಗಳನ್ನು ಬದಲಾಯಿಸಿ, ಡಿಸ್ಕನ್ನು ಪೂರ್ಣವಾಗಿ ಶುಚಿಗೊಳಿಸಬೇಕಾಗುತ್ತದೆ.

ರಕ್ಷಣಾ ಸಾಧನಗಳು

* ರಬ್ಬರ್ ಗೇಟರ್: ಮಡಿಕೆಗಳುಳ್ಳ ರಬ್ಬರ್ ಚೀಲ. ಇದು ಕೊಳವೆಯನ್ನು ಪೂರ್ಣವಾಗಿ ಮುಚ್ಚಿ ಧೂಳು ಮತ್ತು ಕಲ್ಲೇಟುಗಳಿಂದ ಕಾಯುತ್ತದೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಮಾದರಿಯಲ್ಲಿ ಇಂತಹ ಗೇಟರ್‌ಗಳಿದ್ದವು. ಹರಿದ ಅಥವಾ ಸಡಿಲವಾದ ಗೇಟರ್‌ನೊಳಗೆ ನೀರು ನಿಂತರೆ ಕಣ್ಣಿಗೆ ಬೀಳದಂತೆ ತುಕ್ಕು ಬೆಳೆಯುವುದರಿಂದ, ಆಗಾಗ ಅದನ್ನು ಸರಿಸಿ ಪರೀಕ್ಷಿಸಬೇಕಾಗುತ್ತದೆ.
* ನಿಯೋಪ್ರೀನ್ ಹೊದಿಕೆ: ಸೀಲಿನ ಭಾಗವನ್ನಷ್ಟೇ ಸುತ್ತುವರಿಯುವ ಬಟ್ಟೆಯಂತಹ ಪಟ್ಟಿ. ಒದ್ದೆಯಾದಾಗ ಮತ್ತು ಕೆಸರು ತುಂಬಿದಾಗ ಇದನ್ನು ತೆಗೆದು ತೊಳೆದು ಒಣಗಿಸಬೇಕು.
* ಪ್ಲಾಸ್ಟಿಕ್ ಕವಚ: ತಲೆಕೆಳಗಾದ ಫೋರ್ಕ್‌ಗಳ ಮುಂದೆ, ವಿಶೇಷವಾಗಿ ಮೋಟೋಕ್ರಾಸ್ ವಾಹನಗಳಲ್ಲಿ, ಕಲ್ಲಿನ ಹೊಡೆತ ತಡೆಯಲು ಅಳವಡಿಸುವ ತಟ್ಟೆ.
* ಮಡ್‌ಗಾರ್ಡ್: ಚಕ್ರದಿಂದ ಚಿಮ್ಮುವ ಕೆಸರನ್ನು ತಡೆಯುತ್ತದೆ. ಅಂದಕ್ಕಾಗಿ ಇದನ್ನು ಮೊಟಕುಗೊಳಿಸಿದರೆ ಫೋರ್ಕ್‌ಗೆ ತಾಗುವ ಕೊಳಕು ಹೆಚ್ಚುತ್ತದೆ.

ದೈನಂದಿನ ನಿರ್ವಹಣೆ

ಕೆಸರಿನ ದಾರಿಯಲ್ಲಿ ಓಡಿಸಿದ ನಂತರ, ಕೆಸರು ಒಣಗುವ ಮೊದಲೇ ಕೊಳವೆಗಳನ್ನು ನೀರಿನಿಂದ ನೆನೆಸಿ ಮೆತ್ತನೆಯ ಬಟ್ಟೆಯಿಂದ ಒರೆಸುವುದು ಅತ್ಯಂತ ಸರಳ ಹಾಗೂ ಪರಿಣಾಮಕಾರಿ ಕ್ರಮ. ಒಣಗಿದ ಕೆಸರನ್ನು ಚಾಕು ಅಥವಾ ತಂತಿಯ ಬ್ರಷ್‌ನಿಂದ ಕೆರೆಯಬಾರದು. ವಾಟರ್ ಸರ್ವಿಸ್ ಮಾಡಿಸುವಾಗ ರಭಸದ ನೀರಿನ ಧಾರೆಯನ್ನು ಸೀಲಿನ ಮೇಲೆ ನೇರವಾಗಿ ಹಿಡಿದರೆ, ಮರಳು ಮತ್ತು ನೀರು ಧೂಳಿನ ಸೀಲಿನ ಒಳಕ್ಕೆ ನುಗ್ಗುತ್ತವೆ.

ಸೋರಿಕೆ ಆಗತಾನೆ ಆರಂಭವಾಗಿದ್ದರೆ, ಧೂಳಿನ ಸೀಲನ್ನು ಮೃದುವಾಗಿ ಸರಿಸಿ ಅದರಡಿಯ ಕೊಳೆಯನ್ನು ತೆಗೆಯಲಾಗುತ್ತದೆ. ಅನಂತರ ಹಳೆಯ ಕ್ಯಾಮೆರಾ ಫಿಲ್ಮ್‌ನಂತಹ ತೆಳುವಾದ, ಅಂಚು ನಯವಾದ ಪ್ಲಾಸ್ಟಿಕ್ ಪಟ್ಟಿಯನ್ನು ಎಣ್ಣೆಯ ಸೀಲಿನ ಅಂಚಿಗೂ ಕೊಳವೆಗೂ ನಡುವೆ ಸೇರಿಸಿ ಸುತ್ತ ಆಡಿಸಿದರೆ ಸಿಲುಕಿದ ಕಣಗಳು ಹೊರಬರುತ್ತವೆ. ಸೋರಿಕೆಗೆ ಕೊಳೆಯೇ ಕಾರಣವಾಗಿದ್ದರೆ ಅದು ನಿಲ್ಲುತ್ತದೆ. ಅಂಚು ಸವೆದಿದ್ದರೆ ಸೀಲ್ ಬದಲಾವಣೆ ಅನಿವಾರ್ಯ.

ಸೀಲ್ ಬದಲಾವಣೆ

ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ವಾಹನವನ್ನು ಭದ್ರವಾಗಿ ನಿಲ್ಲಿಸಿದ ಮೇಲೆ ಫೋರ್ಕ್ ಕಾಲುಗಳನ್ನು ಬಿಚ್ಚಲಾಗುತ್ತದೆ. ಮೇಲಿನ ಮುಚ್ಚಳದ ಹಿಂದೆ ಸ್ಪ್ರಿಂಗ್ ಒತ್ತಡದಲ್ಲಿರುವುದರಿಂದ ಅದನ್ನು ತೆರೆಯುವಾಗ ಎಚ್ಚರಿಕೆ ಅಗತ್ಯ. ಒಂದು ಕಾಲಿನ ಸೀಲ್ ಮಾತ್ರ ಸೋರುತ್ತಿದ್ದರೂ ಎರಡೂ ಕಾಲುಗಳ ಸೀಲ್ ಮತ್ತು ಎಣ್ಣೆಯನ್ನು ಒಟ್ಟಿಗೆ ಬದಲಾಯಿಸುವುದು ರೂಢಿ. ಹೊಸ ಸೀಲ್ ತೊಡಿಸುವ ಮೊದಲು ಕೊಳವೆಯ ತುದಿಗೆ ಎಣ್ಣೆ ಸವರಿದ ಪ್ಲಾಸ್ಟಿಕ್ ಚೀಲ ಹೊದಿಸಿದರೆ ಹರಿತವಾದ ಅಂಚು ತಾಗಿ ಸೀಲ್ ಹರಿಯುವುದಿಲ್ಲ.

ಕೊಳವೆಯ ಮೇಲಿನ ಚಿಕ್ಕ ಉಬ್ಬುಗಳನ್ನು ಅತಿ ನಯವಾದ ಎಮರಿ ಕಾಗದದಿಂದ ಸಮಗೊಳಿಸಬಹುದು. ಸೀಲ್ ಚಲಿಸುವ ಭಾಗದಲ್ಲಿ ಆಳವಾದ ತುಕ್ಕಿದ್ದರೆ ಕೊಳವೆಗೆ ಮರಳಿ ಕ್ರೋಮಿಯಂ ಲೇಪಿಸಬೇಕು ಇಲ್ಲವೇ ಹೊಸ ಕೊಳವೆ ಹಾಕಬೇಕು. ಎಣ್ಣೆಯ ದರ್ಜೆ ಮತ್ತು ಪ್ರಮಾಣಗಳು ಮಾದರಿಯಿಂದ ಮಾದರಿಗೆ ಬೇರೆಯಾಗಿದ್ದು, ಅವುಗಳನ್ನು ಆಯಾ ವಾಹನದ ಕೈಪಿಡಿಯಲ್ಲಿ ಸೂಚಿಸಿರುವಂತೆ ಅನುಸರಿಸಬೇಕು.