ಬೀಡಿ ಕಟ್ಟಿದವರು, ಬೀಡಿ ಕಟ್ಟಿಸಿದವರು: ಇಬ್ಬರೂ ರಾಜಕೀಯಕ್ಕೆ ಬಂದ ಕಥೆ

 

ಇವತ್ತು ಒಂದು ಬೀಡಿ ಕಟ್ಟಿನಿಂದ ಶುರು ಮಾಡ್ತೀನಿ. ಗೂಡಂಗಡಿಯಲ್ಲಿ ಬೀಡಿ ಕಟ್ಟು ನೋಡಿರ್ತೀರಿ. ಅದರ ಮೇಲೆ ನೋಡಿದ್ರೆ ಮುಖ ತಿರುಗಿಸುವಂಥ ಕ್ಯಾನ್ಸರ್ ಚಿತ್ರ ಇರುತ್ತೆ. ಆ ಚಿತ್ರ ಎಷ್ಟು ದೊಡ್ಡದಿರಬೇಕು ಅನ್ನೋದಕ್ಕೆ ನಮ್ಮ ದೇಶದಲ್ಲಿ ವರ್ಷಗಟ್ಟಲೆ ಜಗಳ ನಡೆದಿದೆ. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ಹೊರಡಿಸಿತು: ಪ್ಯಾಕಿನ ಎರಡೂ ಬದಿಯಲ್ಲಿ ಶೇ. 85ರಷ್ಟು ಜಾಗ ಎಚ್ಚರಿಕೆಗೇ ಮೀಸಲು. ಅದಕ್ಕೂ ಮುಂಚೆ ಇದ್ದದ್ದು ಮುಂಬದಿಯ ಶೇ. 40 ಮಾತ್ರ. ಹೊಸ ನಿಯಮ 2015ರ ಏಪ್ರಿಲ್ 1ರಿಂದ ಜಾರಿಯಾಗಬೇಕಿತ್ತು.

ಆಗಲಿಲ್ಲ. ಲೋಕಸಭೆಯ ಒಂದು ಸಮಿತಿ, ಇನ್ನೂ ಪರಿಶೀಲನೆ ಬೇಕು, ಸ್ವಲ್ಪ ತಡೀರಿ ಅಂತ ಹೇಳಿತು. ಸರ್ಕಾರ ತಡೀತು. ಆ ಸಮಿತಿಯಲ್ಲಿದ್ದ ಒಬ್ಬ ಸದಸ್ಯರು ಶ್ಯಾಮ ಚರಣ್ ಗುಪ್ತಾ, ಆಗಿನ ಅಲಹಾಬಾದ್ ಸಂಸದ. ಅವರ ವ್ಯಾಪಾರ ಏನು ಗೊತ್ತಾ? ಬೀಡಿ.

ಅವರು ಇದನ್ನ ಮುಚ್ಚಿಡಲೂ ಇಲ್ಲ. ಬೀಡಿಯನ್ನ ಒಂದರ ಹಿಂದೆ ಒಂದು ಸೇದಿಯೂ ಯಾವ ಕಾಯಿಲೆ ಇಲ್ಲದ ಎಷ್ಟೋ ಜನರನ್ನ ತಾನು ತಂದು ನಿಲ್ಲಿಸಬಲ್ಲೆ ಅನ್ನೋ ಅರ್ಥದ ಮಾತನ್ನ ಪತ್ರಕರ್ತರ ಮುಂದೆಯೇ ಆಡಿದರು. ಸಕ್ಕರೆಯಿಂದ ಡಯಾಬಿಟಿಸ್ ಬರುತ್ತೆ, ಹಾಗಂತ ಸಕ್ಕರೆ ಬ್ಯಾನ್ ಮಾಡ್ತೀರಾ ಅನ್ನೋ ವಾದವೂ ಬಂತು. ದೊಡ್ಡ ಗಲಾಟೆಯಾಯ್ತು. ಬೀಡಿ ಮಾರೋರು ಬೀಡಿ ನಿಯಮದ ಸಮಿತಿಯಲ್ಲಿ ಕೂರೋದು ಸರೀನಾ ಅಂತ ದೇಶವೇ ಕೇಳಿತು.

ನಾನು ಇವತ್ತು ಕೇಳೋದು ಅದರ ಪಕ್ಕದ ಇನ್ನೊಂದು ಪ್ರಶ್ನೆ. ಬೀಡಿ ಲೋಕದಿಂದ ರಾಜಕೀಯಕ್ಕೆ ಬಂದವರು ಗುಪ್ತಾ ಒಬ್ಬರೇ ಅಲ್ಲ. ಅವರಿಗಿಂತ ಎಷ್ಟೋ ದಶಕ ಮುಂಚೆ ಅದೇ ಬೀಡಿಯಿಂದ ಬೇರೆ ಥರದ ರಾಜಕಾರಣಿಗಳು ಹುಟ್ಟಿದ್ದರು. ಅವರು ಬೀಡಿ ಮಾರುತ್ತಿದ್ದವರಲ್ಲ, ಬೀಡಿ ಕಟ್ಟುತ್ತಿದ್ದವರು. ಅವರ ಕಥೆ ನಡೆದದ್ದು ನಮ್ಮ ಮಂಗಳೂರಿಂದ ರೈಲು ಹತ್ತಿದ್ರೆ ಕೆಲವೇ ಗಂಟೆ ದೂರದ ಕಣ್ಣೂರಿನಲ್ಲಿ.

ಬೀಡಿ ಕಟ್ಟೋದು ಹೇಗೆ ಅಂತ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಈ ಕಥೆಯ ಬೀಗದ ಕೈ ಅಲ್ಲೇ ಇದೆ. ನೆನೆಸಿದ ಎಲೆಯನ್ನ ಕತ್ತರಿಯಲ್ಲಿ ಅಳತೆಗೆ ಕತ್ತರಿಸಬೇಕು, ಒಳಗೆ ಚಿಟಿಕೆ ತಂಬಾಕು ಇಟ್ಟು ಸುರುಳಿ ಸುತ್ತಬೇಕು, ತುದಿ ಮಡಚಿ ನೂಲು ಕಟ್ಟಬೇಕು. ಮೆಷಿನ್ ಇಲ್ಲ, ಸದ್ದಿಲ್ಲ. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಕೈ ಪಳಗಿದ ಮೇಲೆ ಬೆರಳು ತಾನಾಗಿ ಓಡ್ತಿರುತ್ತೆ. ಕೈಗೆ ಬಿಡುವಿಲ್ಲ, ಆದರೆ ಕಿವಿ ಪೂರ್ತಿ ಖಾಲಿ. ನೀವು ಪಾತ್ರೆ ತೊಳೀತಾ ಪಾಡ್‌ಕಾಸ್ಟ್ ಕೇಳ್ತೀರಲ್ವಾ, ಹಾಗೇ.

ಆ ಖಾಲಿ ಕಿವಿಗೆ ಕಣ್ಣೂರಿನ ಬೀಡಿ ಕಾರ್ಮಿಕರು ಒಂದು ಉಪಾಯ ಮಾಡ್ಕೊಂಡ್ರು. ಒಬ್ಬ ಪೇಪರ್ ಓದ್ತಾನೆ, ಉಳಿದವರು ಕಟ್ಟುತ್ತಾ ಕೇಳ್ತಾರೆ. ಓದುವವನ ಕೂಲಿ ಕಡಿಮೆಯಾಗಬಾರದು ಅಂತ ಅವನ ಪಾಲಿನ ಬೀಡಿಯನ್ನ ಉಳಿದವರು ಸೇರಿ ಕಟ್ಟಿಕೊಡ್ತಾರೆ. ಸುದ್ದಿ ಮುಗಿದರೆ ಕಾದಂಬರಿ, ಅದಾದ ಮೇಲೆ ಚರ್ಚೆ. ಶಾಲೆ ಅರ್ಧಕ್ಕೇ ಬಿಟ್ಟ ಹುಡುಗರು ಪ್ರಪಂಚದ ರಾಜಕೀಯ ಕಲಿತದ್ದು ಆ ಚಾಪೆ ಮೇಲೆ ಕೂತು.

ಇದು ಕಣ್ಣೂರಿನಲ್ಲಿ ಮಾತ್ರ ಆದದ್ದಲ್ಲ ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ. ಕ್ಯೂಬಾದ ಹವಾನಾದಲ್ಲಿ 1865ರಲ್ಲೇ ಸಿಗಾರ್ ಕಾರ್ಖಾನೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಶುರುವಾಗಿತ್ತು. ನ್ಯೂಯಾರ್ಕ್‌ನ ಸಿಗಾರ್ ಅಂಗಡಿಗಳಲ್ಲೂ ಅದೇ ಲೆಕ್ಕ: ಓದುವವನಿಗೆ ಉಳಿದವರು ತಮ್ಮ ಸಿಗಾರ್ ಕೊಡ್ತಿದ್ರು. 1863ರಲ್ಲಿ, 13ನೇ ವಯಸ್ಸಿಗೆ, ಲಂಡನ್‌ನಿಂದ ಅಲ್ಲಿಗೆ ಬಂದು ಸಿಗಾರ್ ಸುತ್ತುತ್ತಿದ್ದ ಸ್ಯಾಮ್ಯುಯೆಲ್ ಗಾಂಪರ್ಸ್ ಅನ್ನೋ ಹುಡುಗ 1886ರಲ್ಲಿ ಅಮೆರಿಕನ್ ಫೆಡರೇಷನ್ ಆಫ್ ಲೇಬರ್‌ನ ಮೊದಲ ಅಧ್ಯಕ್ಷನಾದ. ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಮೂರು ಊರುಗಳಲ್ಲಿ, ಕೈಯಲ್ಲಿ ತಂಬಾಕು ಸುತ್ತುವ ಕೆಲಸ ಒಂದೇ ಥರದ ಮನುಷ್ಯರನ್ನ ಹುಟ್ಟಿಸಿತು.

ಸರಿ, ಕಣ್ಣೂರಿಗೆ ವಾಪಸ್ ಬರೋಣ. 1930ರ ದಶಕದಲ್ಲೇ ಅಲ್ಲಿನ ಬೀಡಿ ಕಾರ್ಮಿಕರು ಯೂನಿಯನ್ ಕಟ್ಟಿದ್ದರು. ಆ ಸಾಲಿನಿಂದ ಬಂದವರು ಸಿ. ಕಣ್ಣನ್. ಬೀಡಿ ಕಾರ್ಮಿಕರ ನಾಯಕ. ಕೇರಳ ರಾಜ್ಯ ಹುಟ್ಟಿ 1957ರಲ್ಲಿ ಮೊದಲ ಚುನಾವಣೆ ನಡೆದಾಗ ಕಣ್ಣೂರಿನಿಂದ ಗೆದ್ದು ವಿಧಾನಸಭೆಗೆ ಹೋದರು. ಇನ್ನೊಬ್ಬರು ಅಳಿಕೋಡನ್ ರಾಘವನ್. ಪ್ರಾಥಮಿಕ ಶಾಲೆ ಮುಗಿಸಿ ಬೀಡಿ ಕಟ್ಟೋಕೆ ಕೂತವರು. ಮುಂದೆ ಅಲ್ಲಿನ ಎಡಪಕ್ಷದ ದೊಡ್ಡ ನಾಯಕರಾದರು, ಪಕ್ಷಗಳ ಒಕ್ಕೂಟದ ಸಂಚಾಲಕರಾದರು. 1972ರ ಸೆಪ್ಟೆಂಬರ್ 23ರಂದು ತ್ರಿಶ್ಶೂರಿನಲ್ಲಿ ಅವರ ಕೊಲೆಯಾಯಿತು.

ಈಗ ಕರ್ನಾಟಕದ ನಂಟು ಬರುತ್ತೆ. ಈ ಕಣ್ಣೂರಿನವರು ಕಟ್ಟುತ್ತಿದ್ದದ್ದು ಯಾರ ಬೀಡಿ? ಬಹುಪಾಲು ಮಂಗಳೂರಿನ ಕಂಪನಿಗಳದ್ದು, ಅದರಲ್ಲೂ ಮಂಗಳೂರು ಗಣೇಶ್ ಬೀಡಿಯದ್ದು. ದಕ್ಷಿಣ ಕನ್ನಡ ಮತ್ತು ಮಲಬಾರ್ ಎರಡೂ ಹಿಂದೆ ಮದ್ರಾಸಿನ ಆಡಳಿತದಲ್ಲೇ ಇದ್ದ ಜಿಲ್ಲೆಗಳು. ಮಾಲೀಕರು ಮಂಗಳೂರಲ್ಲಿ, ಕೈಗಳು ಕಣ್ಣೂರಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಎಳೆದಾಗ ಮಾಲೀಕರು ಈ ಕಡೆ ಉಳಿದರು, ಕಾರ್ಮಿಕರು ಆ ಕಡೆ ಉಳಿದರು.

ಈ ಗಡಿಯ ಬಿಸಿ ತಟ್ಟಿದ್ದು ಹತ್ತು ವರ್ಷದ ಮೇಲೆ. 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮಾಡಿತು. ಕೆಲಸದ ಗಂಟೆಗೆ ಮಿತಿ, ಸಂಬಳ ಸಹಿತ ರಜೆ, ಕೆಲಸದ ಜಾಗಕ್ಕೆ ಲೈಸೆನ್ಸ್, ಇಂಥವೆಲ್ಲ ಅದರಲ್ಲಿತ್ತು. ಆದರೆ ಜಾರಿ ಮಾಡಬೇಕಾದ್ದು ರಾಜ್ಯಗಳು. ಕೇರಳದಲ್ಲಿ ಆಗ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರ. ಬೀಡಿ ಯೂನಿಯನ್‌ನಿಂದ ಬಂದವರು ಆಳುವ ಪಕ್ಷದಲ್ಲೇ ಇದ್ದಾರೆ. ಕೇರಳ ಕಾಯ್ದೆಯನ್ನ ಜಾರಿಗೆ ತಂದೇಬಿಟ್ಟಿತು.

1968ರಲ್ಲಿ ಕಂಪನಿ ಕಣ್ಣೂರಿನ ಕೆಲಸವನ್ನೇ ನಿಲ್ಲಿಸಿತು. ಸುಮಾರು 12,000 ಜನ ಕೆಲಸ ಕಳೆದುಕೊಂಡರು. ಒಂದು ಕ್ಷಣ ಇಲ್ಲಿ ನಿಂತು ಯೋಚಿಸಿ. ಅವರ ಪರವಾಗಿ ಬಂದ ಕಾನೂನು, ಅವರಿಗೆ ಹತ್ತಿರದವರೇ ಜಾರಿ ಮಾಡಿದ ಕಾನೂನು, ಅದರಿಂದಲೇ ಅವರ ಮನೆಯ ಒಲೆ ಆರಿತು. ನೋಡಿದ್ರಾ, ಕಾನೂನು ಮಾಡಿದ್ರೆ ಬಡವರ ಹೊಟ್ಟೆ ಮೇಲೆ ಹೊಡೆದಂತೆ ಅಂತ ಹೇಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಬೀಡಿ ಬಗ್ಗೆ ಯಾವ ನಿಯಮ ಬಂದರೂ ಇವತ್ತಿಗೂ ಕೇಳಿಬರೋ ವಾದ ಇದೇ.

ಆದರೆ ಕಣ್ಣೂರಿನ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1969ರ ಫೆಬ್ರವರಿ 15ರಂದು, ಸರ್ಕಾರದ ಸಾಲದ ನೆರವಿನಿಂದ, ಕಾರ್ಮಿಕರೇ ಮಾಲೀಕರಾಗಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಶುರುವಾಯಿತು. ಯಾವ ಕಾಯ್ದೆ ಪಾಲಿಸಿದ್ರೆ ವ್ಯಾಪಾರ ನಡೆಯಲ್ಲ ಅಂತ ಮಾಲೀಕರು ಅಂದಿದ್ರೋ, ಅದೇ ಕಾಯ್ದೆ ಪಾಲಿಸಿ ಬೀಡಿ ಮಾರಿದರು. ಸಂಘ ಬೆಳೆದು ಒಂದು ಕಾಲಕ್ಕೆ 40,000ಕ್ಕೂ ಹೆಚ್ಚು ಜನ ಅಲ್ಲಿ ಕೆಲಸ ಮಾಡ್ತಿದ್ರು. ಪೇಪರ್ ಓದುವ ಪದ್ಧತಿಯೂ ಅವರ ಜೊತೆಗೇ ಹೊಸ ಶೆಡ್ಡುಗಳಿಗೆ ಬಂತು.

ಗಡಿಯ ಈ ಕಡೆ ಏನಾಯ್ತು? ದಕ್ಷಿಣ ಕನ್ನಡ, ಉಡುಪಿಯ ಕಡೆ ಬೀಡಿ ಮನೆಮನೆಗೆ ಹೋಯಿತು. ಹೆಂಗಸರು ಬ್ರಾಂಚಿನಿಂದ ಎಲೆ, ತಂಬಾಕು ತಂದು, ಮನೆ ಜಗಲಿಯಲ್ಲಿ ಕೂತು ಕಟ್ಟಿ, ವಾಪಸ್ ಕೊಡ್ತಾರೆ. ಅಮ್ಮ, ಅಜ್ಜಿ ಬೀಡಿ ಕಟ್ಟಿದ ದುಡ್ಡಲ್ಲಿ ಓದಿದವರು ಈ ಎಪಿಸೋಡ್ ಕೇಳ್ತಿರೋರಲ್ಲೂ ಇರ್ತೀರಿ. ಆ ದುಡಿಮೆ ಬಗ್ಗೆ ಹಗುರವಾಗಿ ಮಾತಾಡೋಕೆ ನನಗೆ ಬಾಯಿ ಬರಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಒಬ್ಬೊಬ್ಬರೇ ಮನೆಯಲ್ಲಿ ಕೂತು ಕಟ್ಟುವಾಗ ಓದಿ ಹೇಳುವವರಿಲ್ಲ, ಚರ್ಚೆ ಇಲ್ಲ. ಬ್ರಾಂಚಿನಲ್ಲಿ ಬೀಡಿ ಸರಿಯಿಲ್ಲ ಅಂತ ತೆಗೆದು ಹಾಕಿದ್ರೆ ಅಲ್ಲೇ ಎದ್ದು ನಿಂತು ಕೇಳೋಕೆ ಪಕ್ಕದಲ್ಲಿ ನೂರು ಜನ ಇಲ್ಲ. ಇಲ್ಲೂ ಯೂನಿಯನ್ ಇತ್ತು, ಹೋರಾಟವೂ ನಡೆಯಿತು, ಆದರೆ ಚದುರಿದ ಕೈಗಳನ್ನ ಒಟ್ಟು ಮಾಡೋದು ಎಷ್ಟು ಕಷ್ಟ ಅಂತ ನೀವೇ ಊಹಿಸಿ.

ಕಟ್ಟುವವರು ಹೀಗೆ ಚದುರಿದಾಗ ರಾಜಕೀಯದಲ್ಲಿ ಬೀಡಿಯ ದನಿ ಯಾರದ್ದಾಗುತ್ತೆ? ಕಟ್ಟಿಸುವವರದ್ದು. ಅದಕ್ಕೆ ಕಾರಣವೂ ಇದೆ. ಬೀಡಿ ಎಲೆ ಬರೋದು ಕಾಡಿನಿಂದ. ಮಧ್ಯಪ್ರದೇಶ 1964ರಲ್ಲೇ ತೆಂಡು ಎಲೆ ವ್ಯಾಪಾರವನ್ನ ಸರ್ಕಾರದ ಹಿಡಿತಕ್ಕೆ ತಂದಿತ್ತು. ಎಲೆಗೆ ಸರ್ಕಾರ ಬೇಕು, ತೆರಿಗೆಗೆ ಸರ್ಕಾರ, ಕನಿಷ್ಠ ಕೂಲಿ ನಿಗದಿಗೂ ಸರ್ಕಾರ. ಹೆಜ್ಜೆ ಹೆಜ್ಜೆಗೂ ಸರ್ಕಾರ ಬೇಕಾದ ವ್ಯಾಪಾರದಲ್ಲಿ ಇರುವವರು ಸರ್ಕಾರದೊಳಗೇ ಕಾಲಿಟ್ಟರೆ ಆಶ್ಚರ್ಯವೇನಿಲ್ಲ.

ಮಹಾರಾಷ್ಟ್ರದ ಗೊಂದಿಯಾದಲ್ಲಿ ಮನೋಹರ್‌ಭಾಯಿ ಪಟೇಲ್ ಬೀಡಿ ಉದ್ಯಮಿ, ಶಾಸಕರೂ ಹೌದು. ಅವರ ಮಗ ಪ್ರಫುಲ್ ಪಟೇಲ್ 2004ರಿಂದ 2011ರವರೆಗೆ ಕೇಂದ್ರದಲ್ಲಿ ವಿಮಾನಯಾನ ಸಚಿವರಾಗಿದ್ದವರು. ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಬೀಡಿಗೆ ಹೆಸರಾದ ಜಿಲ್ಲೆ. ಅಲ್ಲಿನ ಬೀಡಿ ಕಾರ್ಖಾನೆ ಮಾಲೀಕ ಜಾಕಿರ್ ಹುಸೇನ್ ಶಾಸಕರಾಗಿ ಮಂತ್ರಿಯೂ ಆದರು. ಖಾತೆ ಯಾವುದು ಗೊತ್ತಾ? ಕಾರ್ಮಿಕ ಖಾತೆ.

ವ್ಯಾಪಾರಿ ರಾಜಕೀಯಕ್ಕೆ ಬರೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ವಕೀಲರು ಬರ್ತಾರೆ, ರೈತರು ಬರ್ತಾರೆ, ಇವರೂ ಬರಲಿ. ಪ್ರಶ್ನೆ ಬೇರೆ. ಎಚ್ಚರಿಕೆ ಚಿತ್ರ ದೊಡ್ಡದಾದರೆ ಲಕ್ಷಾಂತರ ಬಡ ಹೆಂಗಸರ ಕೆಲಸ ಹೋಗುತ್ತೆ ಅಂತ ಮಾಲೀಕರೂ ಹೇಳ್ತಾರೆ, ಎಷ್ಟೋ ಸಲ ಯೂನಿಯನ್‌ಗಳೂ ಹೇಳುತ್ತವೆ. ಮಾತು ಒಂದೇ. ಆದರೆ ಆ ಮಾತಿನ ಹಿಂದೆ ಏನಿದೆ?

ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಮತ್ತೆ ಕಣ್ಣೂರಿನಲ್ಲೇ. 1990ರ ದಶಕದಲ್ಲಿ ಬೀಡಿ ಸೇದುವವರು ಕಡಿಮೆಯಾಗ್ತಾ ಬಂದರು. ದಿನೇಶ್ ಸಂಘದ ಮುಂದೆ ಎರಡು ದಾರಿ ಇತ್ತು. ಬೀಡಿ ಉಳಿಸಿ ಅಂತ ಗಲಾಟೆ ಮಾಡ್ತಾ ಕೂರೋದು ಒಂದು. ಬೀಡಿ ಹೋದರೂ ಬೀಡಿ ಕಟ್ಟುವವರು ಉಳೀಬೇಕು ಅಂತ ಯೋಚಿಸೋದು ಇನ್ನೊಂದು. ಅವರು ಎರಡನೇದನ್ನೂ ಹಿಡಿದರು. ತೆಂಗಿನ ಹಾಲು, ಮಸಾಲೆ ಪುಡಿ, ಕೊಡೆ, ಸಿದ್ಧ ಉಡುಪು, ಹೀಗೆ ಬೇರೆ ಬೇರೆ ಕೆಲಸ ಶುರು ಮಾಡಿದರು. ಎಲ್ಲರಿಗೂ ಹೊಸ ಕೆಲಸ ಸಿಗಲಿಲ್ಲ, ಸಂಘ ತುಂಬಾ ಚಿಕ್ಕದಾಯಿತು. ಆದರೆ ಬೀಡಿ ಆದಮೇಲೆ ಏನು ಅನ್ನೋ ಪ್ರಶ್ನೆಯನ್ನ ಕೇಳಿದ್ದು, ಉತ್ತರಕ್ಕೆ ದುಡ್ಡು ಹಾಕಿದ್ದು ಬೀಡಿ ಕಟ್ಟಿದವರೇ.

ಇನ್ನು ಎಚ್ಚರಿಕೆ ಚಿತ್ರದ ಕಥೆ ಮುಗಿಸಿಬಿಡ್ತೀನಿ. ಶೇ. 85ರ ನಿಯಮ ಕೊನೆಗೆ 2016ರ ಏಪ್ರಿಲ್ 1ರಿಂದ ಜಾರಿಯಾಯಿತು. ಬೇರೆ ಬೇರೆ ಹೈಕೋರ್ಟ್‌ಗಳಲ್ಲಿದ್ದ ಕೇಸುಗಳನ್ನೆಲ್ಲ ಸುಪ್ರೀಂ ಕೋರ್ಟ್ ನಮ್ಮ ಕರ್ನಾಟಕ ಹೈಕೋರ್ಟ್‌ಗೆ ಕಳಿಸಿತು. 2017ರ ಡಿಸೆಂಬರ್ 15ರಂದು ಹೈಕೋರ್ಟ್ ನಿಯಮವನ್ನ ರದ್ದು ಮಾಡಿತು. 2018ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಹಾಗಾಗಿ ದೊಡ್ಡ ಚಿತ್ರ ಇವತ್ತೂ ಪ್ಯಾಕಿನ ಮೇಲಿದೆ.

ಇದೇ ಹೊತ್ತಿನಲ್ಲಿ ಅಷ್ಟಾಗಿ ಗಲಾಟೆಯಾಗದ ಇನ್ನೊಂದು ಬದಲಾವಣೆ ಆಯ್ತು. 1976ರ ಕಾಯ್ದೆಯ ಪ್ರಕಾರ ಬೀಡಿ ಕಾರ್ಮಿಕರಿಗೆ ಒಂದು ಕಲ್ಯಾಣ ನಿಧಿ ಇತ್ತು. ಬೀಡಿ ಮೇಲೆ ಹಾಕಿದ ಸೆಸ್‌ನಿಂದ ಅದಕ್ಕೆ ಹಣ ಬರ್ತಿತ್ತು, ಅದರಿಂದ ಕಾರ್ಮಿಕರಿಗೆ ಚಿಕಿತ್ಸೆ, ಮಕ್ಕಳಿಗೆ ಸ್ಕಾಲರ್‌ಶಿಪ್. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸೇ ರದ್ದಾಯಿತು. ಪ್ಯಾಕಿನ ಮೇಲಿನ ಚಿತ್ರಕ್ಕೆ ಇಡೀ ದೇಶ ಜಗಳ ಆಡಿತು. ಕಟ್ಟುವವರ ಮಕ್ಕಳ ಸ್ಕಾಲರ್‌ಶಿಪ್‌ಗೆ ಹೋಗ್ತಿದ್ದ ಸೆಸ್ ಹೋದಾಗ ಎಷ್ಟು ಜನಕ್ಕೆ ಗೊತ್ತಾಯ್ತು?

ಅದಕ್ಕೇ ಮುಂದಿನ ಸಲ ಟೀವಿಯಲ್ಲಿ ಯಾರಾದರೂ ಎದ್ದು ನಿಂತು ಬಡ ಬೀಡಿ ಕಾರ್ಮಿಕರ ಗತಿ ಏನು ಅಂತ ಕೇಳಿದರೆ, ಆ ಪ್ರಶ್ನೆಯನ್ನ ತಳ್ಳಿಹಾಕಬೇಡಿ. ಅದು ನಿಜವಾದ ಪ್ರಶ್ನೆ. ಆದರೆ ಕೇಳಿದವರನ್ನ ತಿರುಗಿ ಎರಡು ಮಾತು ಕೇಳಿ: ಸಾವಿರ ಬೀಡಿಗೆ ಈಗ ಎಷ್ಟು ಕೂಲಿ ಕೊಡ್ತಿದ್ದೀರಿ? ಬೀಡಿ ನಿಂತ ದಿನ ಅವರಿಗೆ ಏನು ಕೆಲಸ ಅಂತ ಯೋಚಿಸಿದ್ದೀರಿ?

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ ಬೀಡಿ ಕಟ್ಟಿದವರಿದ್ದರೆ ಈ ಎಪಿಸೋಡನ್ನ ಅವರಿಗೂ ಕೇಳಿಸಿ. ಕೈಗೆ ಕೆಲಸ ಇದ್ದರೂ ಪರವಾಗಿಲ್ಲ, ಕಿವಿ ಖಾಲಿ ಇರುತ್ತಲ್ವಾ. ಮುಂದಿನ ವಾರ ಸಿಗೋಣ.