ಲೇಪಾಕ್ಷಿಯ ಚಿತ್ರಗಳೂ ನಮ್ಮ ಸೀಮೆಯ ಉಡುಗೆಯೂ

ಲೇಪಾಕ್ಷಿಯ ಶ್ರೀ ವೀರಭದ್ರಸ್ವಾಮಿ ದೇವಾಲಯಕ್ಕೆ ಹೋದ ಯಾತ್ರಿಕರು ತೂಗುಕಂಬದ ಅಡಿಯಲ್ಲಿ ಟವಲ್ಲನ್ನೋ ಸೆರಗನ್ನೋ ತೂರಿಸಿ, ಆಚೆ ಕಡೆಯಿಂದ ಎಳೆದು ಸಂತೋಷಪಡುತ್ತಾರೆ. ಆದರೆ ಅಲ್ಲಿಯೇ ತಲೆಯೆತ್ತಿದರೆ ಕಾಣುವ ಬಟ್ಟೆಯ ವೈಭವವನ್ನು ನಿಂತು ನೋಡಿ ಬಂದವರು ಕಡಿಮೆಯೆಂದೇ ಹೇಳಬೇಕು.

ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ (1529–1542) ಪೆನುಕೊಂಡೆಯ ಅಧಿಕಾರದಲ್ಲಿದ್ದ ವಿರೂಪಣ್ಣ, ವೀರಣ್ಣ ಎಂಬ ಸಹೋದರರು ಈ ದೇವಾಲಯವನ್ನು ಕಟ್ಟಿಸಿದರೆಂಬುದು ಸರ್ವವಿದಿತ. ಇಲ್ಲಿ ಕನ್ನಡ ಶಾಸನಗಳೂ ಇರುವುದು ಗಡಿನಾಡಿನ ಕನ್ನಡಿಗರಿಗೆ ಅಭಿಮಾನದ ಸಂಗತಿ. ಮಂಟಪದ ಮೇಲ್ಛಾವಣಿಯಲ್ಲಿ ಪಾರ್ವತೀ ಕಲ್ಯಾಣ, ಕಿರಾತಾರ್ಜುನರ ಕಾಳಗ, ಮನುನೀತಿ ಚೋಳನ ಕಥೆ ಮೊದಲಾದ ವರ್ಣಚಿತ್ರಗಳಿವೆ. ಕಲ್ಯಾಣಕ್ಕೆ ಬಂದ ಸ್ತ್ರೀಯರ ಸೀರೆಗಳು ಬಗೆಬಗೆಯವು. ಒಂದು ಪಟ್ಟೆಯದು, ಒಂದು ಚೌಕುಳಿ, ಇನ್ನೊಂದರ ಮೈತುಂಬ ಹೂವು. ಅಂಗಡಿಯಲ್ಲಿ ಗಿರಾಕಿಯ ಮುಂದೆ ಹತ್ತು ಸೀರೆ ಬಿಚ್ಚಿ ಹರಡಿದಂತೆ ಚಿತ್ರಕಾರನು ಬರೆದಿದ್ದಾನೆ!

ವಿರೂಪಣ್ಣನೂ ಅವನ ಪರಿವಾರವೂ ಸ್ವಾಮಿಯ ಪ್ರಸಾದಕ್ಕಾಗಿ ತಲೆಬಾಗಿರುವ ಚಿತ್ರವನ್ನು ವಿಶೇಷವಾಗಿ ನೋಡಬೇಕು. ಅವರ ತಲೆಯ ಮೇಲಿರುವ ಎತ್ತರದ ಟೊಪ್ಪಿಗೆಗೆ ಕುಳ್ಳಾಯಿ ಎಂದು ಹೆಸರು. ಇದು ಪಾರಸಿಯ 'ಕುಲಾಹ್' ಎಂಬ ಮಾತಿನಿಂದ ಬಂದದ್ದು. ತಿರುಮಲೆಯಲ್ಲಿರುವ ಶ್ರೀ ಕೃಷ್ಣದೇವರಾಯನ ವಿಗ್ರಹದ ತಲೆಯ ಮೇಲೂ ಇದೇ ಇದೆ. ಪರದೇಶದ ಉಡುಗೆಯನ್ನು ಅರಸರು ಆಸ್ಥಾನದ ಗೌರವಕ್ಕೆಂದು ತಮ್ಮದಾಗಿಸಿಕೊಂಡು, ಅದರಲ್ಲಿಯೇ ದೇವರ ಮುಂದೆ ನಿಂತರು. ಹಾಗಾಗಿ ಸಂಪ್ರದಾಯದ ಉಡುಗೆಯೆಂದರೆ ಎಂದೆಂದಿಗೂ ಬದಲಾಗದ್ದೆಂದು ತಿಳಿಯುವುದು ತಪ್ಪು. ಈಗ ಕುಲಾವಿ ಉಳಿದಿರುವುದು ನಮ್ಮ ಕೂಸುಗಳ ತಲೆಯ ಮೇಲೆ ಮಾತ್ರ.

ಈ ದೇವಾಲಯದ ಛಾವಣಿಯ ಚಿತ್ರಗಳಲ್ಲಿಯೂ ಲತಾಮಂಟಪದ ಕಂಬಗಳಲ್ಲಿಯೂ ಕಾಣುವ ಬಳ್ಳಿ ಹೂವುಗಳ ವಿನ್ಯಾಸವೇ ಧರ್ಮಾವರದ ರೇಷ್ಮೆ ಸೀರೆಗಳ ಅಂಚಿನಲ್ಲಿದೆ. ನಮ್ಮ ರಾಯದುರ್ಗಕ್ಕೆ ಹೊಂದಿಕೊಂಡಿರುವ ಮೊಳಕಾಲ್ಮೂರಿನ ಸೀರೆಯೂ ಹೂವು, ಹಣ್ಣು, ಪ್ರಾಣಿಗಳ ಚಿತ್ತಾರಕ್ಕೆ ಹೆಸರಾದದ್ದು. ಅದಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು. 1953ರಲ್ಲಿ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿತು; ನಡುವೆ ರಾಜ್ಯದ ಗಡಿ ಇದೆ. ಮದುವೆಯ ಸೀರೆ ಕೊಳ್ಳುವವರು ಆ ಗಡಿಯನ್ನು ಲೆಕ್ಕಕ್ಕಿಟ್ಟವರಲ್ಲ.

ಉಡುಗೆಯಿಂದ ಊರಿಗೆ ಜನರನ್ನು ಕರೆಸುವ ವಿದ್ಯೆಯನ್ನು ಮೈಸೂರಿನವರಿಂದ ಕಲಿಯಬೇಕು. ದಸರೆಗೆ ಬಂದವರು ಮೈಸೂರು ಪೇಟ ನೋಡುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1912ರಲ್ಲಿ ಆರಂಭವಾದ ರೇಷ್ಮೆ ಕಾರ್ಖಾನೆಗೆ ಹೋಗಿ ನೇಯುವುದನ್ನೂ ನೋಡಿ, ಅಲ್ಲಿಯೇ ಸೀರೆ ಕೊಂಡು ಬರುತ್ತಾರೆ. ಲೇಪಾಕ್ಷಿಯಲ್ಲಿಯೂ ಸರ್ಕಾರದಿಂದ ಉತ್ಸವಗಳು ನಡೆದಿವೆ. 2018ರಲ್ಲಿ ನಡೆದದ್ದು ಅನೇಕರಿಗೆ ನೆನಪಿರಬಹುದು. 2022ರಲ್ಲಿ ದೇವಾಲಯವೂ ಬಸವಣ್ಣನೂ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಯಾತ್ರಿಕರು ಇನ್ನೂ ಹೆಚ್ಚುವರು, ಸಂತೋಷವೇ. ಆದರೆ ಛಾವಣಿಯ ಸೀರೆಯನ್ನು ಕಂಡು ಮೆಚ್ಚಿದ ತಾಯಿಗೆ ಅಂಥದು ಯಾವ ಮಗ್ಗದಲ್ಲಿ ಬರುತ್ತದೆಂದು ಹೇಳುವವರು ಬೇಕಲ್ಲವೇ? ಹೇಳುವವರಿಲ್ಲದಿದ್ದರೆ ಅದೇ ಅಂಚನ್ನು ಅಚ್ಚು ಹಾಕಿದ ಅಗ್ಗದ ಸೀರೆ ಕೈಸೇರುತ್ತದೆ. ಕೆಲವು ಸೀರೆಗಳು ಕೈಮಗ್ಗಕ್ಕೇ ಮೀಸಲೆಂದು 1985ರ ಕಾಯಿದೆಯೇ ಇದೆ. ಕಾಯಿದೆಯನ್ನು ನೋಡಿ ಸೀರೆ ಕೊಳ್ಳುವವರು ಯಾರು? ಸೀರೆಯ ಹಿಂಬದಿಯನ್ನು ತಿರುವಿ ನೋಡುವಷ್ಟು ತಾಳ್ಮೆ ಇದ್ದರೆ ಸಾಕು, ನೇಯ್ದ ಹೂವು ಯಾವುದು, ಅಚ್ಚಿನ ಹೂವು ಯಾವುದು ಎಂದು ಅಲ್ಲಿಯೇ ತಿಳಿಯುತ್ತದೆ.